ಫೈಟು ಭರ್ಜರಿ, ಕಥೆ ಎಲ್ಲಿ?

ಕರಾಟೆ, ಕುಂಗ್‌ಫೂ ಸಿನಿಮಾ ನೋಡಿ ಬಂದವರನ್ನು ಕಥೆ ಏನೆಂದು ಕೇಳಿ. ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಗುರುವನ್ನು ಕೊಂದರು, ಶಿಷ್ಯ ಸೇಡು ತೀರಿಸಿಕೊಂಡ. ಫೈಟು ಹೇಗಿತ್ತು ಎಂದರೆ ಮಾತ್ರ ಎದ್ದು ನಿಂತು ಕೈಕಾಲು ಆಡಿಸಿ ತೋರಿಸುತ್ತಾರೆ. 1972ರಲ್ಲಿ ಬಂದ ಬ್ರೂಸ್ ಲೀ ಅವರ ‘ಫಿಸ್ಟ್ ಆಫ್ ಫ್ಯೂರಿ’ಯ ಕಥೆಯ ಎಳೆಯೂ ಇದೇ. ಲೀ ಅವರ ವೇಗ, ಸಿಟ್ಟು ಅದನ್ನು ಎತ್ತಿ ಹಿಡಿದವು. ಆಮೇಲಿನ ಎಷ್ಟೋ ಚಿತ್ರಗಳು ಒದೆತವನ್ನಷ್ಟೇ ಕಲಿತವು.

ಕನ್ನಡಕ್ಕೆ ಒಳ್ಳೆಯ ದಾರಿಯೇ ಸಿಕ್ಕಿತ್ತು. 1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ನಿರ್ದೇಶಿಸಿದರು. ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆ ಅದಕ್ಕಿತ್ತು. ಹೊಯ್ಸಳರ ಕಾಲ, ಜಗಳಕ್ಕೆ ಬಿದ್ದ ಅಣ್ಣತಮ್ಮಂದಿರು, ಕೂಲಿಗೆ ಕತ್ತಿ ಹಿಡಿದ ಶಂಕರ್‌ನಾಗ್. ಯಾರಿಗೆ ಯಾರ ಮೇಲೆ ಯಾಕೆ ಸಿಟ್ಟು ಎಂಬುದು ಗೊತ್ತಿರುವುದರಿಂದಲೇ ಕತ್ತಿಯ ಒಂದೊಂದು ಏಟೂ ನಮಗೆ ತಾಗುತ್ತದೆ. ಮುಂದೆ ಅದೇ ನಟನಿಗೆ ‘ಕರಾಟೆ ಕಿಂಗ್’ ಎಂಬ ಹೆಸರು ಬಂತು, ಹೊಡೆದಾಟದ ಚಿತ್ರಗಳು ಸಾಲುಗಟ್ಟಿದವು. ಅವುಗಳಲ್ಲಿ ಎಷ್ಟರ ಕಥೆ ಇಂದು ನಿಮಗೆ ನೆನಪಿದೆ?

ಕಾಳಗದ ಕಥೆ ಹೇಳುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯಲ್ಲಿ ಸಿಗುವ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಹೊಡೆದಾಟಕ್ಕೆ ಸಿಕ್ಕಿದ್ದು ಒಂದೇ ಪಟ್ಟಿಕೆ! ಬರಹವಿರುವ ಕಲ್ಲುಗಳು ಕಾರಣವನ್ನೂ ಹೇಳುತ್ತವೆ: ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಟ, ಊರಳಿವು ಎಂದರೆ ಊರಿನ ಮೇಲೆ ಬಿದ್ದ ದಾಳಿ, ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೊರೆ.

ಹಾನಗಲ್ಲಿನದೇ ಒಂದು ಯುದ್ಧ ನೋಡಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ಹಾನಗಲ್ಲ ಕದಂಬರ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ಆ ಸಲ ಹಿಮ್ಮೆಟ್ಟಿಸಿ, ತಾನು ಸತ್ತ. ಅವನು ಕತ್ತಿ ಹೇಗೆ ಬೀಸಿದನೆಂದು ನಾವು ಕಂಡಿಲ್ಲ. ಯಾವ ಊರು ಉಳಿಸಲು ಸತ್ತನೆಂಬುದು ಎಂಟುನೂರು ವರ್ಷ ದಾಟಿ ನಮ್ಮವರೆಗೆ ಬಂದಿದೆ.

ಈಗ ಮೊಬೈಲಿನಲ್ಲಿ ಸಿನಿಮಾದ ಫೈಟನ್ನಷ್ಟೇ ಕತ್ತರಿಸಿ ಅರ್ಧ ನಿಮಿಷಕ್ಕೆ ತೋರಿಸುತ್ತಾರೆ. ನಮ್ಮ ಹುಡುಗರು ನೋಡುವುದು ಕೆಳಗಿನ ಪಟ್ಟಿಕೆ ಮಾತ್ರ. ನೋಡಲಿ, ಫೈಟು ನಮಗೂ ಇಷ್ಟ. ಜೊತೆಗೆ ಒಂದು ಪ್ರಶ್ನೆ ಕೇಳುವುದನ್ನು ಕಲಿಸೋಣ: ಇವನು ಯಾರ ಸಲುವಾಗಿ ಹೊಡೆಯುತ್ತಿದ್ದಾನೆ? ನಿಮ್ಮೂರಿನಲ್ಲಿ ವೀರಗಲ್ಲಿದ್ದರೆ ಅದರ ಮುಂದೆ ನಿಲ್ಲಿಸಿಯೂ ಇದೇ ಪ್ರಶ್ನೆ ಕೇಳಿ.