ವಿಜಯಪುರ ಜಿಲ್ಲೆಯಲ್ಲಿ ಇಂಧನ ವಿತರಣೆ

ವಿಜಯಪುರ ಜಿಲ್ಲೆಯಲ್ಲಿ ಪೆಟ್ರೋಲ್ ಮತ್ತು ಡೀಸೆಲ್‌ನ ಚಿಲ್ಲರೆ ಮಾರಾಟವು ಮುಖ್ಯವಾಗಿ ತೈಲ ಕಂಪನಿಗಳು ನೇಮಿಸಿದ ಡೀಲರುಗಳ ಮೂಲಕ ನಡೆಯುತ್ತದೆ. ಭಾರತದ ಇತರೆಡೆಗಳಂತೆ ಇಲ್ಲಿಯೂ ಪೆಟ್ರೋಲ್ ಪಂಪ್ ನಡೆಸುವುದು ಬಹುಮಟ್ಟಿಗೆ ಕೌಟುಂಬಿಕ ಉದ್ಯಮವಾಗಿದೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ದೇಶದ ತೈಲ ಮಾರಾಟವು ಬರ್ಮಾ ಶೆಲ್, ಎಸ್ಸೋ ಮತ್ತು ಕಾಲ್ಟೆಕ್ಸ್ ಎಂಬ ವಿದೇಶಿ ಕಂಪನಿಗಳ ಹಿಡಿತದಲ್ಲಿತ್ತು. 1964ರಲ್ಲಿ ಇಂಡಿಯನ್ ಆಯಿಲ್ ಕಾರ್ಪೊರೇಷನ್ ರೂಪುಗೊಂಡಿತು. 1974ರಲ್ಲಿ ಎಸ್ಸೋ ಸರ್ಕಾರದ ವಶಕ್ಕೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ವಶಕ್ಕೆ ಬಂದ ಬರ್ಮಾ ಶೆಲ್ ಮುಂದೆ ಭಾರತ್ ಪೆಟ್ರೋಲಿಯಂ ಎನಿಸಿತು.

ಬೇಡಿಕೆ

ವಿಜಯಪುರ ನಗರದ ಮೂಲಕ ರಾಷ್ಟ್ರೀಯ ಹೆದ್ದಾರಿ 50 ಮತ್ತು 52 ಹಾದುಹೋಗುತ್ತವೆ. ಆದ್ದರಿಂದ ಇಲ್ಲಿನ ಬೇಡಿಕೆಯಲ್ಲಿ ಸರಕು ಸಾಗಣೆಯ ಲಾರಿಗಳ ಪಾಲು ದೊಡ್ಡದು. ನಗರದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿರುವ ತಿಕೋಟಾ ಮತ್ತು ನೈರುತ್ಯಕ್ಕಿರುವ ಬಬಲೇಶ್ವರಗಳ ಸ್ಥಿತಿ ಬೇರೆ. ಹೊಸ ತಾಲ್ಲೂಕು ಕೇಂದ್ರಗಳಾದ ಇವೆರಡರ ಬೇಡಿಕೆ ಕೃಷಿಯನ್ನು ಅವಲಂಬಿಸಿದೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಔಷಧ ಸಿಂಪಡಣೆಗೂ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಗೂ ಡೀಸೆಲ್ ಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣಾ ನದಿಯ ನೀರು ಒಣಭೂಮಿಗೆ ಹರಿದಂತೆ ಈ ಅಗತ್ಯವೂ ವಿಸ್ತರಿಸಿದೆ.

ಕೌಟುಂಬಿಕ ನಿರ್ವಹಣೆ ಮತ್ತು ವಿಸ್ತರಣೆ

ಡೀಲರ್‌ಶಿಪ್ ಹೊಲ-ಮನೆಗಳಂತೆ ಪಾಲು ಮಾಡಿಕೊಳ್ಳುವ ಆಸ್ತಿಯಲ್ಲ. ಪಾಲುದಾರರ ಬದಲಾವಣೆಗೆ ಕಂಪನಿಯ ಒಪ್ಪಿಗೆ ಅಗತ್ಯ. ಡೀಲರ್ ಮೃತಪಟ್ಟರೆ ವಾರಸುದಾರರು ಕಂಪನಿಗೆ ಅರ್ಜಿ ಸಲ್ಲಿಸಬೇಕು. ಸರ್ಕಾರಿ ತೈಲ ಕಂಪನಿಗಳ ಆಯ್ಕೆ ನಿಯಮಗಳು ಒಂದು ಕುಟುಂಬ ಘಟಕಕ್ಕೆ ಒಂದೇ ಡೀಲರ್‌ಶಿಪ್ ಎಂಬ ಮಿತಿಯನ್ನು ಬಹುಕಾಲ ವಿಧಿಸಿದ್ದವು. ವಿವಾಹಿತರ ವಿಷಯದಲ್ಲಿ ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳು ಸೇರಿ ಒಂದು ಘಟಕ. ಹೀಗಾಗಿ ಅವಿಭಕ್ತ ಕುಟುಂಬದ ವ್ಯವಹಾರವು ಒಂದೇ ಹೆಸರಿನಲ್ಲಿ ಹಿಗ್ಗುವ ಬದಲು, ವಿವಾಹಿತ ಸಹೋದರರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವುದರಿಂದ ಬೆಳೆಯಲು ಅವಕಾಶವಾಯಿತು.

ಬೆಲೆ ಮತ್ತು ನಷ್ಟದ ಹೊಣೆ

ಮಾರಾಟದ ಬೆಲೆಯನ್ನು ಡೀಲರ್ ನಿರ್ಧರಿಸುವುದಿಲ್ಲ. ಅವರಿಗೆ ದೊರೆಯುವುದು ಮಾರಿದ ಪ್ರಮಾಣಕ್ಕೆ ತಕ್ಕ ಕಮಿಷನ್ ಮಾತ್ರ. ಪೆಟ್ರೋಲ್ ಬೆಲೆ 2010ರ ಜೂನ್‌ನಲ್ಲಿ, ಡೀಸೆಲ್ ಬೆಲೆ 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ನಿಯಂತ್ರಣದಿಂದ ಮುಕ್ತವಾದವು. 2017ರ ಜೂನ್ 16ರಿಂದ ದೇಶದಾದ್ಯಂತ ದೈನಂದಿನ ಬೆಲೆ ಪರಿಷ್ಕರಣೆ ಜಾರಿಗೆ ಬಂದಿತು. ಬೆಲೆ ಏರಿದರೆ ಟ್ಯಾಂಕಿನಲ್ಲಿರುವ ದಾಸ್ತಾನಿನಿಂದ ಲಾಭ, ಇಳಿದರೆ ನಷ್ಟ. 2021ರ ನವೆಂಬರ್ 4ರಿಂದ ಕೇಂದ್ರ ಅಬಕಾರಿ ಸುಂಕವು ಡೀಸೆಲ್ ಮೇಲೆ ಲೀಟರಿಗೆ 10 ರೂ., ಪೆಟ್ರೋಲ್ ಮೇಲೆ 5 ರೂ. ಕಡಿಮೆಯಾಯಿತು. ಆ ರಾತ್ರಿ 12,000 ಲೀಟರ್ ಡೀಸೆಲ್ ಉಳಿಸಿಕೊಂಡಿದ್ದ ಪಂಪ್‌ಗೆ ಸುಂಕದ ಲೆಕ್ಕದಲ್ಲೇ 1.2 ಲಕ್ಷ ರೂ. ಹೊರೆ ಬೀಳುತ್ತದೆ. ಹಬ್ಬದ ದಿನಗಳಿಗೆಂದು ಹೆಚ್ಚು ದಾಸ್ತಾನು ಮಾಡುವ ಸಣ್ಣ ಡೀಲರುಗಳಿಗೆ ಇಂಥ ಇಳಿಕೆ ದೊಡ್ಡ ಪೆಟ್ಟು.

ಗುಣಮಟ್ಟ ಮತ್ತು ಅಳತೆ

ಟ್ಯಾಂಕರ್ ಬಂದಾಗ ಇಂಧನದ ಸಾಂದ್ರತೆಯನ್ನು ಅಳೆದು, 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿ ದಾಖಲಿಸಲಾಗುತ್ತದೆ. ಗ್ರಾಹಕರು 5 ಲೀಟರ್ ಅಳತೆಪಾತ್ರೆಯಿಂದ ಪ್ರಮಾಣವನ್ನೂ ಫಿಲ್ಟರ್ ಕಾಗದದಿಂದ ಪೆಟ್ರೋಲಿನ ಶುದ್ಧತೆಯನ್ನೂ ಪರೀಕ್ಷಿಸಲು ಕೇಳಬಹುದು. ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ ನೆಲದಡಿಯ ಟ್ಯಾಂಕಿಗೆ ನೀರು ಸೇರದಂತೆ ನೋಡಿಕೊಳ್ಳುವುದು ಡೀಲರುಗಳ ದಿನನಿತ್ಯದ ಹೊಣೆಯಾಗಿದೆ.