ಇಂಗ್ಲಿಷ್ ವ್ಯಾಕರಣದ ಪದಜಾತಿಗಳೂ 'ಇಂಗ್' ರೂಪದ ಪೂರ್ವವೃತ್ತವೂ

ಇಂಗ್ಲಿಷ್ ವಾಕ್ಯವೊಂದನ್ನು ಕೊಟ್ಟು, ಅದರ ಒಂದೊಂದು ಪದವೂ ಯಾವ ಜಾತಿಗೆ ಸೇರಿದುದೆಂದು ಕೇಳುವ ಕ್ರಮವು ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ವಿದ್ಯಾರ್ಥಿಯು ಹೆಚ್ಚಾಗಿ ಎಡವುವುದು 'ಇಂಗ್' ಎಂದು ಮುಗಿಯುವ ಕ್ರಿಯಾರೂಪದಲ್ಲಿ. 'ರೀಡಿಂಗ್' ಎಂಬುದು ನಾಮವೋ, ವಿಶೇಷಣವೋ, ಕ್ರಿಯೆಯೋ? ಈ ತೊಡಕು ವಿದ್ಯಾರ್ಥಿಯ ಬುದ್ಧಿಮಾಂದ್ಯದಿಂದ ಹುಟ್ಟಿದುದಲ್ಲ. ಆ ಭಾಷೆಯ ಚರಿತ್ರೆಯೂ, ಅದರ ವೈಯಾಕರಣರು ಎರವು ತಂದ ಸಂಜ್ಞೆಗಳೂ ಇದಕ್ಕೆ ಕಾರಣವೆಂಬುದನ್ನು ಇಲ್ಲಿ ವಿಚಾರಿಸಬಹುದು.

ಮೊದಲು ಸಂಜ್ಞೆಗಳ ಮಾತು. ಕ್ರಿ. ಪೂ. 2ನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ವ್ಯಾಕರಣವು 8 ಪದಜಾತಿಗಳನ್ನು ಹೇಳುತ್ತದೆ. ನಾಮದ ವಿಭಕ್ತಿಯನ್ನೂ ಕ್ರಿಯೆಯ ಕಾಲವನ್ನೂ ಕೂಡಿಯೇ ತಾಳುವ ಪಾರ್ಟಿಸಿಪಲ್ ಅಲ್ಲಿ ಒಂದು ಸ್ವತಂತ್ರ ಜಾತಿ. ಉಭಯಭಾಗಿಯೆಂಬುದೇ ಆ ಹೆಸರಿನ ಅರ್ಥ. ಲ್ಯಾಟಿನಿನಲ್ಲಿ ಆರ್ಟಿಕಲ್ ಇಲ್ಲದುದರಿಂದ ರೋಮನರು ಅದನ್ನು ಕೈಬಿಟ್ಟು, ಭಾವಬೋಧಕವನ್ನು ಸೇರಿಸಿ, ಎಂಟೆಂಬ ಸಂಖ್ಯೆಯನ್ನು ಉಳಿಸಿಕೊಂಡರು. 1586ರಲ್ಲಿ ಅಚ್ಚಾದ ವಿಲಿಯಂ ಬುಲ್ಲೊಕರನ ಗ್ರಂಥವು ಇಂಗ್ಲಿಷಿಗೆ ಮೊದಲ ಮುದ್ರಿತ ವ್ಯಾಕರಣ. ಅದೂ ಲ್ಯಾಟಿನ್ ಪದ್ಧತಿಯನ್ನೇ ಹಿಡಿಯಿತು. ರಾಬರ್ಟ್ ಲೌತನು 1762ರಲ್ಲಿಯೂ ಲಿಂಡ್ಲೆ ಮರೆಯು 1795ರಲ್ಲಿಯೂ 9 ಜಾತಿಗಳನ್ನು ಎಣಿಸಿದರು; ಆರ್ಟಿಕಲಿಗೂ ವಿಶೇಷಣಕ್ಕೂ ಬೇರೆ ಸ್ಥಾನ ದೊರೆಯಿತು, ಪಾರ್ಟಿಸಿಪಲ್ ಕ್ರಿಯಾಪದದೊಳಗೆ ಅಡಗಿತು. ಎಂದ ಮೇಲೆ ಪದಜಾತಿಗಳ ಸಂಖ್ಯೆಯು ಸ್ವಭಾವಸಿದ್ಧವಲ್ಲ, ವೈಯಾಕರಣರ ನಿರ್ಣಯವೆಂಬುದು ಸ್ಪಷ್ಟ.

ಇದನ್ನು ಅರಿತವರೂ ಇದ್ದರು. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದ ಜಾನ್ ವಾಲಿಸನು 1653ರ ತನ್ನ ಗ್ರಂಥದಲ್ಲಿ ಇಂಗ್ಲಿಷನ್ನು ಲ್ಯಾಟಿನಿನ ಎರಕದಲ್ಲಿ ಹೊಯ್ಯಬಾರದೆಂದು ವಾದಿಸಿ, ಇಂಗ್ಲಿಷ್ ಕ್ರಿಯಾಪದಕ್ಕೆ ರೂಪದಿಂದ 2 ಕಾಲಗಳು ಮಾತ್ರವೆಂದನು. ಆ ಗ್ರಂಥವನ್ನು ಅವನು ಬರೆದುದು ಮಾತ್ರ ಲ್ಯಾಟಿನಿನಲ್ಲಿ! ಆದರೂ ಪಾಠಶಾಲೆಗಳಲ್ಲಿ ನೆಲೆಗೊಂಡುದು 6 ಕಾಲಗಳನ್ನು ಹೇಳಿದ ಮರೆಯ ವ್ಯಾಕರಣವೇ.

ಇನ್ನು ರೂಪದ ಮಾತು. ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯೆಯಿಂದ ಭಾವನಾಮವನ್ನು ಮಾಡುವ ಪ್ರತ್ಯಯಗಳು 'ಉಂಗ್', 'ಇಂಗ್'; ಪಾರ್ಟಿಸಿಪಲಿನ ಪ್ರತ್ಯಯವು 'ಎಂಡೆ'. ಇವೆರಡಕ್ಕೂ ಸಂಬಂಧವಿರಲಿಲ್ಲ. ಮಧ್ಯಯುಗದ ಇಂಗ್ಲಿಷಿನಲ್ಲಿ ದಕ್ಷಿಣ ಪ್ರಾಂತಗಳ 'ಎಂಡೆ'ಯು 'ಇಂಡೆ'ಯಾಗಿ, ಕಡೆಗೆ 'ಇಂಗ್' ರೂಪದಲ್ಲಿ ಲೀನವಾಯಿತು; ಉತ್ತರದವರು 'ಆಂಡ್' ಎಂಬುದನ್ನು ಬಹುಕಾಲ ಉಳಿಸಿಕೊಂಡಿದ್ದರು. ಅದೇ ಯುಗದಿಂದ ಭಾವನಾಮವೂ ಕ್ರಿಯೆಯಂತೆ ನೇರವಾಗಿ ಕರ್ಮವನ್ನು ಪಡೆಯತೊಡಗಿತು; ಜೆರಂಡ್ ಎಂಬ ಲ್ಯಾಟಿನ್ ಹೆಸರು ಇದಕ್ಕೆ ಅಂಟಿತು. ಹೀಗೆ ಎರಡು ವಂಶಗಳ ರೂಪಗಳು ಒಂದೇ ವೇಷವನ್ನು ತಳೆದವು.

ಕನ್ನಡದಲ್ಲಿ 'ಓದುವಿಕೆ', 'ಓದುವ', 'ಓದುತ್ತ' ಎಂಬವು ಬೇರೆಬೇರೆ ಕೃದಂತಗಳಾಗಿ ನಿಲ್ಲುತ್ತವೆ. ಆಂಗ್ಲರು ಈ ಮೂರಕ್ಕೂ 'ರೀಡಿಂಗ್' ಎನ್ನುವರು. ಆದುದರಿಂದ ಅಲ್ಲಿ ಪದವನ್ನು ಒಂಟಿಯಾಗಿ ನೋಡಿ ಜಾತಿಯನ್ನು ನಿರ್ಣಯಿಸಲಾಗದು. ನೆರೆಯ ಪದಗಳನ್ನು ನೋಡಬೇಕು. 'ದಿ ರೀಡಿಂಗ್ ಆಫ್ ದಿ ಬುಕ್' ಎಂಬಲ್ಲಿ ಹಿಂದೆ ಆರ್ಟಿಕಲೂ ಮುಂದೆ 'ಆಫ್' ಎಂಬುದೂ ಇರುವುದರಿಂದ ಅದು ನಾಮ. 'ರೀಡಿಂಗ್ ದಿ ಬುಕ್' ಎಂಬಲ್ಲಿ ಕರ್ಮವು ನೇರವಾಗಿ ಬಂದಿರುವುದರಿಂದ ಅದು ಕ್ರಿಯಾರೂಪ. 'ಪುಸ್ತಕದ ಓದುವಿಕೆ', 'ಪುಸ್ತಕವನ್ನು ಓದುವುದು' ಎಂಬಲ್ಲಿ ನಮ್ಮ ಷಷ್ಠಿಯೂ ದ್ವಿತೀಯೆಯೂ ತೋರುವ ಭೇದವೇ ಇದು.

2002ರಲ್ಲಿ ಪ್ರಕಟವಾದ ಹಡಲ್‌ಸ್ಟನ್ ಮತ್ತು ಪುಲ್ಲಂ ಅವರ ಕೇಂಬ್ರಿಜ್ ವ್ಯಾಕರಣವು ಈ ಕ್ರಿಯಾರೂಪಕ್ಕೆ ಜೆರಂಡ್-ಪಾರ್ಟಿಸಿಪಲ್ ಎಂಬ ಒಂದೇ ಹೆಸರನ್ನು ಕೊಟ್ಟಿದೆ. ರೂಪವು ಒಂದಾಗಿ ಶತಮಾನಗಳು ಕಳೆದ ಮೇಲೆ ಸಂಜ್ಞೆಯೂ ಒಂದಾಯಿತು. ಉಪಾಧ್ಯಾಯರು ಹೆಸರನ್ನು ಕೇಳುವುದಕ್ಕೆ ಮೊದಲು ಕಾರಣವನ್ನು ಕೇಳಿದರೆ, ಪದಜಾತಿಯ ಪಾಠವು ಬಾಯಿಪಾಠವಾಗದೆ ವಿಚಾರವಾದೀತು.