‘ಗುಣವಾಯಿತು’ ಎಂಬ ನಂಬಿಕೆಯ ಚರಿತ್ರೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಕಡೆ ಬೈಪೋಲಾರ್ ಕಾಯಿಲೆಯ ಬಗ್ಗೆ ಮಾತು ಬಂದರೆ ಅದು ಬೇಗನೆ ಮೂಢನಂಬಿಕೆಯ ಕಡೆಗೆ ಹೊರಳುತ್ತದೆ. ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು, ನಾಗದೋಷವೆಂದು ಕಾಲ ಕಳೆದರು, ಆಸ್ಪತ್ರೆಗೆ ಮಾತ್ರ ತಡವಾಗಿ ಬಂದರು ಎಂಬ ದೂರು ಅದು. ಮನೆಮನೆಗೂ ದೈವದ ಮಂಚವಿರುವ, ನಾಗಬನವಿರುವ ಸೀಮೆಯ ಮೇಲೆ ಹೀಗೆ ದೂರು ಹೊರಿಸುವುದು ಸುಲಭ. ಆದರೆ ಈ ಸೀಮೆಯ ಕಳೆದ ಇನ್ನೂರು ವರ್ಷಗಳನ್ನು ನೋಡಿದರೆ ತಪ್ಪಿನ ಬೇರು ಇನ್ನೂ ಆಳದಲ್ಲಿದೆ ಎಂದು ನನಗೆ ತೋರುತ್ತದೆ. ಈ ಕಾಯಿಲೆ ಬರುತ್ತದೆ, ತಾನಾಗಿಯೇ ಇಳಿಯುತ್ತದೆ, ವರ್ಷಗಳ ಮೇಲೆ ಮತ್ತೆ ಬರುತ್ತದೆ. ಈ ಬಂದು ಹೋಗುವಿಕೆಯ ಲೆಕ್ಕವನ್ನು ಇಲ್ಲಿ ಯಾರೂ ಇಡಲಿಲ್ಲ. ಮಂತ್ರವಾದಿ ಇಡಲಿಲ್ಲ, ಸರಕಾರವೂ ಇಡಲಿಲ್ಲ. ಉಳಿದ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ಕೊರತೆಯಿಂದ.

ಲೆಕ್ಕವಿಲ್ಲದೆ ಈ ಕಾಯಿಲೆ ಕಣ್ಣಿಗೇ ಬೀಳದು. ಬೆಳಿಗ್ಗೆ ನಕ್ಕು ಸಂಜೆ ಮುನಿಸಿಕೊಳ್ಳುವವರನ್ನು ‘ಬೈಪೋಲಾರ್’ ಎನ್ನುವ ರೂಢಿ ಈಗ ಹಬ್ಬಿದೆ, ಅದು ತಪ್ಪು. ಉನ್ಮಾದದ ಹಂತವೆನ್ನಲು ಆ ಸ್ಥಿತಿ ಕನಿಷ್ಠ ಒಂದು ವಾರವಾದರೂ ಇರಬೇಕೆಂಬುದು ವೈದ್ಯರ ಅಳತೆ. ಎರಡು ತಾಸು ನಿದ್ದೆ ಮಾಡಿಯೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಕೈಯಲ್ಲಿ ಹಣ ನಿಲ್ಲದು, ತನ್ನಿಂದಾಗದ್ದು ಏನೂ ಇಲ್ಲವೆಂಬ ಭಾವ. ಖಿನ್ನತೆಯ ಹಂತ ತಿಂಗಳುಗಟ್ಟಲೆ ಎಳೆಯುತ್ತದೆ. ಎರಡರ ನಡುವೆ ಮನುಷ್ಯ ಪೂರ್ತಿ ಸರಿಯಿದ್ದು ತೋಟ, ಅಂಗಡಿ, ಶಾಲೆಯ ಕೆಲಸ ಮಾಡಿಕೊಂಡಿರುವ ವರ್ಷಗಳೂ ಇರುತ್ತವೆ. ಚರಕ ಸಂಹಿತೆಯ ಉನ್ಮಾದ ಪ್ರಕರಣದಲ್ಲಿ ನಗುವ, ಹಾಡುವ, ಕುಣಿಯುವ ರೋಗಿಯೂ ಇದ್ದಾನೆ, ಮೌನವಾಗಿ ಏಕಾಂತ ಬಯಸುವವನೂ ಇದ್ದಾನೆ. ಆದರೆ ಒಬ್ಬ ವಾತದವನು, ಇನ್ನೊಬ್ಬ ಕಫದವನು. ಇಬ್ಬರೂ ಒಬ್ಬನೇ ಇರಬಹುದೆಂದು ವೈದ್ಯಲೋಕ ಸ್ಪಷ್ಟವಾಗಿ ಹೇಳಿದ್ದು 1850ರ ದಶಕದಲ್ಲಿ, ಪ್ಯಾರಿಸಿನಲ್ಲಿ. ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಫಾಲ್ರೆ ಅದೇ ರೋಗಿಗಳನ್ನು ವರ್ಷಗಟ್ಟಲೆ ಕಂಡಿದ್ದರಿಂದ ಆ ಚಕ್ರ ಗುರುತಿಸಿದ. ಶತಮಾನದ ಕೊನೆಗೆ ಜರ್ಮನಿಯ ಕ್ರೆಪೆಲಿನ್ ಪ್ರತಿ ರೋಗಿಗೂ ಒಂದೊಂದು ಚೀಟಿ ಮಾಡಿ, ಕಾಯಿಲೆ ಹೇಗೆ ಸಾಗಿತೆಂದು ಬರೆದಿಟ್ಟು, ಆ ಚೀಟಿಗಳನ್ನು ಹೋಲಿಸಿ ಇದನ್ನು ಬೇರೆ ಮನೋರೋಗಗಳಿಂದ ಬಿಡಿಸಿದ. ಈ ಕಾಯಿಲೆ ಪತ್ತೆಯಾದದ್ದು ಕಾಗದದಲ್ಲಿ.

ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಕಾಗದ ಎಲ್ಲಿತ್ತು? ಅಮರ ಸುಳ್ಯದ ಸೀಮೆ 1834ರವರೆಗೆ ಕೊಡಗಿನ ಅರಸರದು. ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಕೆನರಾಕ್ಕೆ ಸೇರಿತು. ದಕ್ಷಿಣ ಕೆನರಾ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಹುಚ್ಚಾಸ್ಪತ್ರೆಯೆಂದರೆ ಮದ್ರಾಸು, 1872ರ ನಂತರ ಕಲ್ಲಿಕೋಟೆ. 1858ರ ಕಾನೂನು ಪೊಲೀಸರ ಕೈಗೆ ಕೊಟ್ಟದ್ದು ಬೀದಿಯಲ್ಲಿ ಅಲೆಯುವವರನ್ನು ಮತ್ತು ಅಪಾಯಕಾರಿ ಎನಿಸಿದವರನ್ನು. 1912ರ ಕಾನೂನೂ ಅದೇ ದಾರಿ ಹಿಡಿಯಿತು. ಮನೆಯವರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದಿತ್ತು, ಆದರೆ ಘಟ್ಟದ ಬುಡದ ಒಂದು ಒಕ್ಕಲು ಮನೆಗೆ ಅದು ಎಷ್ಟು ದೂರದ ಮಾತು! ಹಾಗಾಗಿ ಸರಕಾರದ ಕಣ್ಣಿಗೆ ಬಿದ್ದದ್ದು ಉನ್ಮಾದ ಮಾತ್ರ, ಅದೂ ಬೀದಿಗೆ ಬಂದಾಗ. ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ ಅದೇ ಮನುಷ್ಯ ಯಾವ ದಾಖಲೆಗೂ ಬರಲಿಲ್ಲ. ಮನೋರೋಗಿಯೆಂದರೆ ಹೊಡೆಯುವವನು ಎಂಬ ಭಯ ಇಂದಿಗೂ ಉಳಿದಿರುವುದರಲ್ಲಿ ಆ ಕಾನೂನಿನ ಪಾಲು ದೊಡ್ಡದು. ಬೆಂಗಳೂರಿನ ಮಾನಸಿಕ ಆಸ್ಪತ್ರೆ 1956ರ ತನಕ ಬೇರೆ ರಾಜ್ಯದ್ದು. ಅಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಇನ್ನು ಊರಿನ ಚಿಕಿತ್ಸೆ. ಉನ್ಮಾದ ಏರಿದಾಗ ಪ್ರಶ್ನೆ ಇಡುತ್ತಾರೆ, ಉಚ್ಚಾಟನೆಯೋ ತಂಬಿಲವೋ ಹರಕೆಯೋ ನಡೆಯುತ್ತದೆ. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ರೋಗಿ ಸರಿಯಾಗುತ್ತಾನೆ. ಔಷಧವಿಲ್ಲದಿದ್ದರೂ ಹೆಚ್ಚಿನ ಉನ್ಮಾದಗಳು ಹಾಗೆಯೇ ಇಳಿಯುತ್ತವೆ. ಕಣ್ಣೆದುರೇ ಗುಣವಾದದ್ದನ್ನು ಕಂಡವರು ನಂಬದೆ ಏನು ಮಾಡಿಯಾರು? ಅವರ ತರ್ಕದಲ್ಲಿ ದೋಷವಿಲ್ಲ, ಅವರ ಬಳಿ ಇದ್ದ ಪುರಾವೆ ಗಿಡ್ಡವಾಗಿತ್ತು. ಆರು ವರ್ಷದ ಮೇಲೆ ಮತ್ತೆ ಬಂದರೆ ಅದು ಹೊಸ ದೋಷ, ಹೊಸ ಪ್ರಶ್ನೆ. ಹೆಂಗಸರ ಪಾಡಂತೂ ಇದಕ್ಕೆ ಕರುಣಾಜನಕ ಸಾಕ್ಷಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಮಾತು ದಿಕ್ಕು ತಪ್ಪಿ, ಮಗುವಿನ ಮೇಲೂ ಶಂಕೆ ಹುಟ್ಟುವ ಬಾಣಂತಿ ಸನ್ನಿಗೂ ಬೈಪೋಲಾರ್‌ಗೂ ಹತ್ತಿರದ ನಂಟಿದೆ. ಈ ಕಾಯಿಲೆ ಇರುವವರಿಗೆ ಹೆರಿಗೆಯ ನಂತರದ ವಾರಗಳು ಅತ್ಯಂತ ಅಪಾಯದವು. ತವರಿನಲ್ಲಿ ಬಂದ ಸನ್ನಿ ತವರಿನಲ್ಲೇ ಇಳಿದರೆ ಆ ಸುದ್ದಿ ಗಂಡನ ಮನೆಗೆ ಮುಟ್ಟದಂತೆ ನೋಡಿಕೊಳ್ಳುತ್ತಿದ್ದರು. ಹತ್ತು ವರ್ಷದ ನಂತರ ಅಲ್ಲಿ ಖಿನ್ನತೆ ಕವಿದಾಗ ಎರಡನ್ನೂ ಜೋಡಿಸುವವರು ಯಾರೂ ಇರುತ್ತಿರಲಿಲ್ಲ. ಅವಳನ್ನು ಸೋಮಾರಿ ಎಂದರು.

ಹಾಗಾದರೆ ದೈವದ ನಂಬಿಕೆಯೇ ಅಡ್ಡಿಯಾಯಿತಲ್ಲವೇ ಎಂದು ಕೇಳಬಹುದು. ಇದಕ್ಕೆ ಈ ಜಿಲ್ಲೆಯಲ್ಲೇ ಒಂದು ಉತ್ತರವಿದೆ. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕೋಟದಲ್ಲಿ 1970ರ ದಶಕದ ಆರಂಭದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ದೊಡ್ಡ ಅಧ್ಯಯನ ನಡೆಸಿದರು. ಪುಸ್ತಕ 1976ರಲ್ಲಿ ಬಂತು. ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಈ ಮೂವರ ಬಳಿಗೂ ಹೋಗುತ್ತಿದ್ದ ಜನ ಇಂಗ್ಲಿಷ್ ಔಷಧದ ಡಾಕ್ಟರರನ್ನು ದೂರವಿಟ್ಟಿರಲಿಲ್ಲ, ಎರಡೂ ಕಡೆ ಹೋಗುತ್ತಿದ್ದರೆಂದು ಕಪೂರ್ ಕಂಡುಕೊಂಡರು. ಕೋಟ ಕಡಲ ಬದಿಯ ಊರು, ಘಟ್ಟದ ತಪ್ಪಲಿನ ಮಾತು ಬೇರೆ ಎನ್ನಬಹುದು. ಒಪ್ಪುತ್ತೇನೆ, ಆದರೆ ಆ ವ್ಯತ್ಯಾಸ ಮುಖ್ಯವಾಗಿ ದಾರಿಯದು, ಡಾಕ್ಟರರು ಎಷ್ಟು ದೂರದಲ್ಲಿದ್ದರು ಎಂಬುದರದು. ಪಾತ್ರಿಯ ಆವೇಶವನ್ನೇ ಕಾಯಿಲೆಯೆನ್ನುವ ಸುಧಾರಕರ ಮಾತೂ ನಿಲ್ಲುವುದಿಲ್ಲ. ಆವೇಶಕ್ಕೆ ಹೊತ್ತಿದೆ, ಸ್ಥಳವಿದೆ, ಕಟ್ಟುಪಾಡಿದೆ. ಮರುದಿನ ಆತ ತನ್ನ ಕೆಲಸಕ್ಕೆ ಹೋಗುತ್ತಾನೆ. ಉನ್ಮಾದ ಯಾರ ಕಟ್ಟುಪಾಡಿಗೂ ಸಿಗುವುದಿಲ್ಲ.

1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಲಿಥಿಯಂ ಉಪ್ಪು ಉನ್ಮಾದವನ್ನು ಇಳಿಸುತ್ತದೆಂದು ವರದಿ ಮಾಡಿದ. ಬಾಸ್ಟ್ರಪ್ ಮತ್ತು ಶೌ ಎಂಬ ಡೆನ್ಮಾರ್ಕಿನ ಇಬ್ಬರು ವೈದ್ಯರು ಅದು ಮತ್ತೆ ಬರುವುದನ್ನೂ ತಡೆಯುತ್ತದೆಂದು 1967ರಲ್ಲಿ ತೋರಿಸಿದರು. ಈ ಎರಡನೆಯ ಮಾತೇ ದೊಡ್ಡದು, ಮತ್ತು ನಮ್ಮಲ್ಲಿ ಕಡಿಮೆ ಮುಟ್ಟಿದ ಮಾತು. ಮಂತ್ರದಿಂದ ಗುಣವಾಯಿತೆಂದವರಂತೆಯೇ ಮಾತ್ರೆಯಿಂದ ಗುಣವಾಯಿತೆಂದವರೂ ಗುಣವಾದ ದಿನ ಮಾತ್ರೆ ಬಿಡುತ್ತಾರೆ. ತಪ್ಪು ಒಂದೇ, ವೇಷ ಬೇರೆ. ಮದುವೆ ಮಾಡಿದರೆ ಸರಿಯಾಗುತ್ತದೆ ಎಂಬುದೂ ಇದರ ತಂಗಿ. ನಡುವಿನ ಒಳ್ಳೆಯ ದಿನಗಳನ್ನು ಗುಣವೆಂದು ನಂಬಿ ಮುಹೂರ್ತ ಇಡುತ್ತಾರೆ, ಮದುವೆಮನೆಯ ನಿದ್ದೆಗೇಡು ಹೊಸ ಉನ್ಮಾದಕ್ಕೆ ದಾರಿಯಾದೀತೆಂದು ಯಾರೂ ಹೇಳಿರುವುದಿಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿದರೆ ಮೂತ್ರಪಿಂಡ ಕೆಡದೇ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಲಿಥಿಯಂ ಮೂತ್ರಪಿಂಡಕ್ಕೂ ಥೈರಾಯ್ಡಿಗೂ ತೊಂದರೆ ಕೊಡಬಲ್ಲದು. ವಾಂತಿಭೇದಿಯಾದರೆ, ಸೆಕೆಗೆ ಬೆವರಿ ಮೈಯ ನೀರು ಬತ್ತಿದರೆ, ಸೊಂಟನೋವಿಗೆಂದು ಕೆಲವು ನೋವಿನ ಮಾತ್ರೆ ತಿಂದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಅದಕ್ಕೇ ಆಗಾಗ ರಕ್ತಪರೀಕ್ಷೆ ಬೇಕು. ಆದರೆ ಆತ್ಮಹತ್ಯೆಯನ್ನು ಕಡಿಮೆ ಮಾಡುವ ಔಷಧವೆಂದು ಬಲವಾದ ಪುರಾವೆಯಿರುವುದೂ ಲಿಥಿಯಂಗೇ.

ಈಗ ಸುಳ್ಯದಲ್ಲೇ ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯ ಸರಕಾರ ಆರಂಭಿಸಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಆದರೂ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ಕಾಯಿಲೆಯ ನೂರು ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆ ಇರಲಿಲ್ಲ. ಸಮೀಕ್ಷೆ ನಡೆಸಿದ ನಿಮ್ಹಾನ್ಸ್ ನಮ್ಮದೇ ರಾಜ್ಯದ್ದು, ಆದರೆ ಸಮೀಕ್ಷೆಗೆ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕವಿಲ್ಲ; ಲೆಕ್ಕ ಇಡದ ಚಾಳಿ ಮುಂದುವರಿದಿದೆ. ಇದರ ಬೆಲೆ ತೆರುವುದು ರೋಗಿಯೇ. ಖಿನ್ನತೆಯೆಂದು ಬಂದವರ ಹಳೆಯ ಉನ್ಮಾದ ತಿಳಿಯದೆ ಬರಿಯ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಅದೇ ಉನ್ಮಾದವನ್ನು ಎಬ್ಬಿಸಬಹುದು. ಇಪ್ಪತ್ತು ವರ್ಷದ ಹಿಂದಿನ ಬಾಣಂತಿ ಸನ್ನಿಯನ್ನು ಮನೆಯವರು ನಾಚಿಕೆಯಿಂದ ಮುಚ್ಚಿಟ್ಟರೆ, ಎದುರಿಗೆ ಕೂತ ಡಾಕ್ಟರರಿಗೆ ಅದು ಗೊತ್ತಾಗುವ ಬೇರೆ ದಾರಿಯೇ ಇಲ್ಲ.